ದೂಕಾನ್ ಸರೋವರದಲ್ಲಿ ಆರು ದಿನ

ಬಗ್ದಾದ್, ೩೦ ಜುಲೈ ೧೯೭೮

ದೂಕಾನ್ ಸರೋವರದ ದಡದ ಅತಿಥಿಗೃಹದ ಯಜಮಾನರಾದ ರೋಸ್ತಮ್ ಅವರಿಗೆ,

ನೀವು ನನ್ನನ್ನು ಕಂಡವರಲ್ಲ. ಜೂನ್ ಹದಿನಾಲ್ಕರ ಬುಧವಾರ ನಿಮ್ಮ ಸರೋವರದಲ್ಲಿ ಮುಳುಗಿ ತೀರಿಕೊಂಡ ಮುಹನ್ನದನ ತಾಯಿ ನಾನು. ಹೆಸರು ಸಬೀಹಾ. ಹೋದ ವಾರ ನಲವತ್ತನೆಯ ದಿನದ ಕಾರ್ಯ ಮುಗಿಯಿತು. ಬಂದವರೆಲ್ಲ ಕಹಿ ಕಾಫಿ ಕುಡಿದು, ದೇವರ ಇಚ್ಛೆ ಎಂದು ಹೇಳಿ ಎದ್ದು ಹೋದರು.

ಅವನು ನನಗೆ ಒಬ್ಬನೇ ಮಗ. ಇಪ್ಪತ್ತೇಳು ವರ್ಷ. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಮೊಸುಲ್‌ಗೆ ಕೆಲಸದ ಮೇಲೆ ಹೋಗುತ್ತೇನೆಂದು ಹೊರಟವನು ನಿಮ್ಮೂರಿನಲ್ಲಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಅವನು ಹೋದ ಮೇಲೆ. ನನ್ನ ಮೈದುನ ಬಂದು ದೇಹವನ್ನೂ ಚೀಲವನ್ನೂ ತಂದರು. ಅವರು ಹೆಚ್ಚು ಮಾತಿನವರಲ್ಲ.

ಚೀಲದಲ್ಲಿ ನಕ್ಷೆಯ ಕಾಗದದ ಒಂದು ಚೂರು ಸಿಕ್ಕಿತು. ‘ದೂಕಾನಿನಲ್ಲಿ ಮಾಡಬೇಕಾದ್ದು’ ಎಂದು ಮೇಲೆ ಬರೆದಿದೆ. ಕೆಳಗೆ ಆರು ಸಾಲು. ಶುಕ್ರವಾರ ಬೆಟ್ಟದ ಜನರ ಕುಣಿತ ನೋಡುವುದು. ಬುಗ್ಗೆಯ ನೀರಿನಲ್ಲಿ ಕಲ್ಲಂಗಡಿ ತಣಿಸಿ ತಿನ್ನುವುದು. ದೋಣಿಯಲ್ಲಿ ನಡುಗಡ್ಡೆಗೆ ಹೋಗುವುದು. ಮೀನು ಹಿಡಿದು ಅಲ್ಲೇ ಸುಡುವುದು. ಕೋಸ್ರತ್ ಬೆಟ್ಟ ಹತ್ತುವುದು. ಒಂದು ಪೂರ್ತಿ ದಿನ ಏನೂ ಮಾಡದೆ ಕೂತಿರುವುದು. ಮೊದಲ ಐದರ ಮುಂದೆ ಸರಿ ಗುರುತು ಇದೆ. ಆರನೆಯದಕ್ಕಿಲ್ಲ.

ನನಗೆ ಸಮಾಧಾನದ ಮಾತು ಬೇಡ. ಅವನು ಅಲ್ಲಿ ದಿನದಿನವೂ ಏನು ಮಾಡಿದ, ಏನು ತಿಂದ, ಯಾವುದಕ್ಕೆ ನಕ್ಕ, ಇಷ್ಟು ತಿಳಿಸಿ. ಮೂವತ್ತು ವರ್ಷ ಹುಡುಗಿಯರ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಅರ್ಧ ಉತ್ತರ ಒಪ್ಪುವ ಅಭ್ಯಾಸವಿಲ್ಲ.

ಸಬೀಹಾ


ದೂಕಾನ್, ೧೨ ಆಗಸ್ಟ್ ೧೯೭೮

ಮುಹನ್ನದರ ತಾಯಿಯವರಿಗೆ ರೋಸ್ತಮ್ ಮಾಡುವ ಸಲಾಮು,

ನಿಮ್ಮ ಕಾಗದ ಬಂತು. ನಾನು ದೋಣಿಯವನು. ಅತಿಥಿಗೃಹವೆಂದು ಹೆಸರು ಅಷ್ಟೆ, ಇರುವುದು ನಾಲ್ಕು ಕೋಣೆ ಮತ್ತು ಹಿಪ್ಪುನೇರಳೆ ಮರವಿರುವ ಒಂದು ಅಂಗಳ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ನಿಮ್ಮ ಮಗ ಗುರುವಾರ ಸಂಜೆ ಕಿರ್ಕುಕ್ ಕಡೆಯ ಬಸ್ಸಿನಲ್ಲಿ ಬಂದಿಳಿದರು. ಒಬ್ಬರೇ ಬಂದಿದ್ದರು.

ಶುಕ್ರವಾರ ಸುಲೈಮಾನಿಯಾದಿಂದ ಸಂಸಾರ ಸಂಸಾರವೇ ಇಲ್ಲಿಗೆ ಬರುತ್ತದೆ. ಜಮಖಾನ ಹಾಸಿ, ಚಹಾದ ಹಂಡೆ ಹೂಡಿ, ಬಂಡಿಯ ಗಾಲಿಯಷ್ಟು ದೊಡ್ಡ ಪಾತ್ರೆಯಲ್ಲಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ ದೋಲ್ಮಾ ಇಳಿಸುತ್ತಾರೆ. ಊಟವಾದ ಮೇಲೆ ಕೈಕೈ ಹಿಡಿದು ಸಾಲಾಗಿ ಕುಣಿಯುತ್ತಾರೆ. ಮುಹನ್ನದ್ ಮರಕ್ಕೊರಗಿ ನೋಡುತ್ತ ನಿಂತಿದ್ದರು. ಒಬ್ಬ ಮುದುಕಿ ಕೈ ಹಿಡಿದು ಎಳೆದಳು.

“ಏಯ್ ಬಗ್ದಾದಿನವ್ನೇ, ಕಾಲೇನು ಬಾಡಿಗೆಗೆ ತಂದಿದೀಯಾ? ಬಾ ಈಚೆ!”

“ಇದು ಸರ್ಕಾರಿ ಕಾಲು ಅಜ್ಜೀ, ಆರ್ಡರ್ ಬರೋ ತನಕ ಏಳಲ್ಲ.”

“ನಾನೇ ಕೊಟ್ಟೆ ಆರ್ಡರ್. ಏಳು!”

ಅವರು ಎಡಗಡೆಯವನ ಕಾಲನ್ನೂ ತುಳಿದರು, ಬಲಗಡೆಯವನ ಕಾಲನ್ನೂ ತುಳಿದರು. ಸಾಲಿಗೆ ಸಾಲೇ ನಕ್ಕು ಮುರಿದುಬಿತ್ತು. ಕೊನೆಗೆ ಅದೇ ಮುದುಕಿ ತಟ್ಟೆ ತುಂಬ ದೋಲ್ಮಾ ಕೊಟ್ಟು, “ತಿನ್ನು, ಕಾಲಿಗೆ ಬುದ್ಧಿ ಬರುತ್ತೆ” ಎಂದಳು.

ಕಲ್ಲಂಗಡಿಯೂ ಅವತ್ತೇ. ಬಂಡೆಯ ಸಂದಿನಿಂದ ಬರುವ ಬುಗ್ಗೆ ಕೈ ಮರಗಟ್ಟುವಷ್ಟು ತಣ್ಣಗಿರುತ್ತದೆ. ಹಣ್ಣನ್ನು ಅದರಲ್ಲಿಟ್ಟು ಸುತ್ತ ಕಲ್ಲು ಒಟ್ಟಿದ್ದರು. ಸ್ವಲ್ಪ ಹೊತ್ತಿಗೆ ನೀರಿನ ರಭಸಕ್ಕೆ ಕಲ್ಲು ಸರಿದು ಹಣ್ಣು ಉರುಳಿಕೊಂಡು ಸರೋವರಕ್ಕೆ ಬಿತ್ತು. ಮುಹನ್ನದ್ ಅಂಗಿ ಷರಾಯಿ ಸಮೇತ ಹಿಂದೆಯೇ ಹಾರಿದರು. ಅದನ್ನು ಎದೆಗವಚಿಕೊಂಡು ಎದ್ದುಬಂದು, “ಇದಕ್ಕೂ ನನ್ನ ಮೇಲೆ ಸಿಟ್ಟು ಬಂದಿದೆ ನೋಡು, ಹೇಳ್ದೆ ಕೇಳ್ದೆ ಹೊರಟುಬಿಡ್ತು!” ಎಂದರು. ಅಷ್ಟು ತಂಪಾದ, ಅಷ್ಟು ಸಿಹಿಯಾದ ಹಣ್ಣು ಆಮೇಲೆ ಸಿಕ್ಕಿಲ್ಲ.

ಚಹಾಕ್ಕೆ ಸಕ್ಕರೆ ಹಾಕದೆ, ಸಕ್ಕರೆಯ ತುಂಡನ್ನು ಹಲ್ಲಿನಲ್ಲಿ ಕಚ್ಚಿ ಕುಡಿಯುವುದನ್ನು ಅವತ್ತೇ ಕಲಿತರು. ಮೂರು ಲೋಟ ಕುಡಿದರು.

ರೋಸ್ತಮ್


ಬಗ್ದಾದ್, ೨೫ ಆಗಸ್ಟ್ ೧೯೭೮

ರೋಸ್ತಮ್ ಅವರಿಗೆ,

ಕಾಗದ ಓದಿದೆ. ಎಷ್ಟು ಸಲ ಎಂದು ಹೇಳುವುದಿಲ್ಲ.

ಎರಡು ಸಂಗತಿ ಕೇಳಬೇಕಾಗಿದೆ. ಒಬ್ಬನೇ ಬಂದವನು ಇಡೀ ಕಲ್ಲಂಗಡಿ ಹಣ್ಣನ್ನು ಏನು ಮಾಡಿದ? ಮತ್ತೆ, ನೀವು ಅರವತ್ತರ ಹತ್ತಿರದವರೆಂದು ನನ್ನ ಮೈದುನ ಹೇಳಿದರು. ನನ್ನ ಮಗ ಹಿರಿಯರನ್ನು ಏಕವಚನದಲ್ಲಿ ಮಾತನಾಡಿಸಿದವನಲ್ಲ. ‘ನೋಡು’ ಎಂದು ಅವನು ಯಾರಿಗೆ ಹೇಳಿದ?

ಇರಲಿ. ಇವಕ್ಕೆ ಉತ್ತರ ಬೇಡ. ಉತ್ತರ ಬರೆಯುವುದೇ ಕಷ್ಟವಾಗಿ ನೀವು ಕಾಗದವನ್ನೇ ನಿಲ್ಲಿಸಿದರೆ ನಷ್ಟ ನನಗೇ.

ಅವನು ಹನ್ನೆರಡು ವರ್ಷದವನಿದ್ದಾಗ ಟೈಗ್ರಿಸ್ ನದಿಯನ್ನು ಈ ದಡದಿಂದ ಆ ದಡಕ್ಕೆ ಈಜಿ ಬಂದ. ಒದ್ದೆ ತಲೆಯಲ್ಲಿ ಬಾಗಿಲಿಗೆ ಬಂದು, “ಅಮ್ಮಾ, ದಾಟಿಬಿಟ್ಟೆ!” ಎಂದ. ನಾನು ಸ್ಕೇಲಿನಿಂದ ಎರಡೇಟು ಕೊಟ್ಟು, ಆಮೇಲೆ ತಲೆ ಒರೆಸಿದೆ. ನದಿ ದಾಟಿದವನು ಸರೋವರದಲ್ಲಿ ಹೇಗೆ ಮುಳುಗಿದ? ಅದನ್ನೂ ಕೇಳುತ್ತೇನೆ, ಆದರೆ ಈಗಲ್ಲ. ಈಗ ದೋಣಿ, ಮೀನು, ಬೆಟ್ಟ. ಸಾಲಾಗಿ ಬರೆಯಿರಿ, ಅವಸರ ಮಾಡಬೇಡಿ.

ಸಬೀಹಾ


ದೂಕಾನ್, ೯ ಸೆಪ್ಟೆಂಬರ್ ೧೯೭೮

ಮುಹನ್ನದರ ತಾಯಿಯವರಿಗೆ,

ಶನಿವಾರ ದೋಣಿಯಲ್ಲಿ ನಡುಗಡ್ಡೆಗೆ ಹೋದದ್ದು. ಈ ಸರೋವರ ಮೊದಲಿನಿಂದ ಇದ್ದದ್ದಲ್ಲ. ಅಣೆಕಟ್ಟು ಕಟ್ಟಿ ಹತ್ತೊಂಬತ್ತು ವರ್ಷವಾಯಿತು. ರೋಸ್ತಮನ ಹಳೆಯ ಊರು, ಅಂದರೆ ನನ್ನ ಊರು, ಈ ನೀರಿನ ಕೆಳಗಿದೆ. ಅದು ಗೊತ್ತಾದದ್ದೇ ತಡ, ಮುಹನ್ನದ್ ಹುಟ್ಟು ಹಾಕುವುದನ್ನು ನಿಲ್ಲಿಸಿ ಚೀಲದಿಂದ ಕಾಗದ, ಪೆನ್ಸಿಲ್ ತೆಗೆದರು. ಮಸೀದಿ ಎಲ್ಲಿ, ಹಿಟ್ಟಿನ ಗಿರಣಿ ಎಲ್ಲಿ, ಅಕ್ರೂಟಿನ ಮರ ಎಲ್ಲಿ ಎಂದು ಕೇಳಿ ಕೇಳಿ ನಡುನೀರಿನಲ್ಲೇ ಕೂತು ಊರಿನ ನಕ್ಷೆ ಬರೆದರು.

“ನಿಮ್ಮನೆ ಇಲ್ಲಿ. ಸರೀನಾ ಮಾಮಾ?”

“ಇನ್ನೊಂಚೂರು ಎಡಕ್ಕೆ ಸಾಹೇಬ್ರೇ, ನಮ್ಮತ್ತೆ ಮನೆ ಮೇಲೇ ಕಟ್ಟಿಬಿಟ್ರಲ್ಲ! ಬದುಕಿದ್ದಿದ್ರೆ ಪೊರಕೆ ತಗೊಂಡು ಬರ್ತಿದ್ಳು.”

ನಕ್ಷೆ ಮುಗಿದಾಗ ರೋಸ್ತಮನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ, ಎಂದು ಬರೆಯಬೇಕಿತ್ತು. ವಯಸ್ಸಾಯಿತು, ಬರೆಯುವಾಗ ತಪ್ಪುತ್ತದೆ. ನಕ್ಷೆಯನ್ನು ಗೋಡೆಗೆ ಹೊಡೆದಿದೆ. ಬಂದವರೆಲ್ಲ ನೋಡುತ್ತಾರೆ.

ಭಾನುವಾರ ಬೆಳಗಿನಿಂದ ಗಾಳ ಹಾಕಿ ಕೂತು ಸಿಕ್ಕಿದ್ದು ಅಂಗೈಯಷ್ಟು ಒಂದೇ ಮೀನು. ಅದನ್ನು ಸೀಳಿ, ಕಡ್ಡಿಗೆ ಚುಚ್ಚಿ, ಬೆಂಕಿಯ ಪಕ್ಕ ನಿಲ್ಲಿಸಿ, “ದೊಡ್ಡ ಸಾಹೇಬ್ರು ಬೇಯ್ತಿದಾರೆ, ಯಾರೂ ಗಲಾಟೆ ಮಾಡ್ಬೇಡಿ” ಎಂದರು. ತಲೆಯ ಕಡೆಯ ಚೂರನ್ನು ತಾವು ತಿಂದು ಬೆನ್ನಿನ ಮಾಂಸ ಬಿಟ್ಟುಕೊಟ್ಟರು.

ಸೋಮವಾರ ಬೆಟ್ಟ. ಬೆಳಕು ಹರಿಯುವಾಗ ಹೊರಟದ್ದು. ಅರ್ಧ ದಾರಿಯಲ್ಲಿ ಬೂಟು ಕಚ್ಚಿ ಹಿಮ್ಮಡಿ ಸುಲಿದು, ಇನ್ನು ಒಂದು ಹೆಜ್ಜೆಯೂ ಆಗದೆಂದು ಕೂತಾಗ, ಅವರು ತಮ್ಮ ಕರವಸ್ತ್ರ ಹರಿದು ಕಟ್ಟಿದರು. “ತುದೀಲಿ ಏನಿದೆ ಅಂತ ಹತ್ತಬೇಕು?” ಎಂದರೆ, “ಏನೂ ಇಲ್ಲ. ಅದಕ್ಕೇ ಹತ್ಬೇಕು. ಏನಾದ್ರೂ ಇದ್ದಿದ್ರೆ ಇಷ್ಟೊತ್ತಿಗೆ ಅಲ್ಲೊಂದು ಸರ್ಕಾರಿ ಕಚೇರಿ ಇರ್ತಿತ್ತು” ಎಂದರು. ಮೇಲಿನ ಹಟ್ಟಿಯಲ್ಲಿ ಕುರಿ ಕಾಯುವ ಹೆಂಗಸು ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು, ಬಿಸಿ ರೊಟ್ಟಿ ಕೊಟ್ಟಳು.

ತುದಿಯಲ್ಲಿ ನಿಂತು ದಕ್ಷಿಣಕ್ಕೆ ಕೈ ತೋರಿಸಿ ಅವರು ಆಡಿದ ಮಾತು ಇದು. ಒಂದಕ್ಷರ ಬಿಟ್ಟಿಲ್ಲ.

“ಆ ಧೂಳು ಕಾಣುತ್ತಲ್ಲ, ಅದರಾಚೆ ನಮ್ಮಮ್ಮ. ಈ ಹೊತ್ತಲ್ಲಿ ಗಿಡಕ್ಕೆ ನೀರು ಹಾಕ್ತಾ ಪಕ್ಕದ ಮನೆ ಬೆಕ್ಕಿಗೆ ಬೈತಿರ್ತಾಳೆ. ಸಿಟ್ಟು ಅಂದ್ರೆ ಸಿಟ್ಟು. ಆದ್ರೆ ಮೂರೇ ದಿನ. ನಾಲ್ಕನೇ ದಿನ ಬಾಗಿಲಲ್ಲಿ ನಿಂತು, ‘ಊಟಕ್ಕೆ ಬರ್ತೀಯೋ, ಪಕ್ಕದ ಮನೆಗೆ ಕೊಡ್ಲೋ’ ಅಂತಾಳೆ. ಅವಳ ‘ಕ್ಷಮಿಸಿದೀನಿ’ ಅನ್ನೋ ಮಾತೇ ಅದು.”

ರೋಸ್ತಮ್


ಬಗ್ದಾದ್, ೨೦ ಸೆಪ್ಟೆಂಬರ್ ೧೯೭೮

ರೋಸ್ತಮ್ ಅವರಿಗೆ,

ಬೆಕ್ಕಿನ ಮಾತು ನಿಜ. ಈಗ ಬೈಯುವುದನ್ನು ಬಿಟ್ಟಿದ್ದೇನೆ. ಅದು ಅಂಗಳದಲ್ಲೇ ಮಲಗಿರುತ್ತದೆ.

ಇನ್ನು ಮಂಗಳವಾರದ್ದು ಬರೆಯಿರಿ. ಬೆಳಗಿನದು ಬೇಡ. ಮಧ್ಯಾಹ್ನದ ಮೇಲೆ ಹೇಗಿದ್ದ? ಊಟ ಮಾಡಿದನೆ? ನಕ್ಕನೆ? ಸಂಜೆ ಯಾರೊಂದಿಗೆ ಮಾತನಾಡಿದ, ಏನು ಮಾತನಾಡಿದ? ಬುಧವಾರ ಯಾಕೆ ನೀರಿಗಿಳಿದ?

ಈ ಒಂದು ಕಾಗದವನ್ನು ಬೇಗ ಬರೆಯಿರಿ.

ಸಬೀಹಾ


ದೂಕಾನ್, ೫ ಅಕ್ಟೋಬರ್ ೧೯೭೮

ಮುಹನ್ನದರ ತಾಯಿಯವರಿಗೆ,

ಮಂಗಳವಾರ ಅವರು ಏನೂ ಮಾಡಲಿಲ್ಲ. ಪಟ್ಟಿಯಲ್ಲಿ ಬರೆದುಕೊಂಡ ಹಾಗೆಯೇ ಮರದ ಕೆಳಗೆ ಸುಮ್ಮನೆ ಕೂತಿದ್ದರು. ನಗುನಗುತ್ತ ಇದ್ದರು. ಮಧ್ಯಾಹ್ನ ಅನ್ನ, ಬೆಂಡೆಕಾಯಿ ಸಾರು ಚೆನ್ನಾಗಿ ಉಂಡರು. ಸಂಜೆ ಹಿಪ್ಪುನೇರಳೆ ಹಣ್ಣು ಆರಿಸಿ ತಿಂದರು. ಯಾವ ಚಿಂತೆಯೂ ಇದ್ದಂತೆ ಕಾಣಲಿಲ್ಲ.

ಬುಧವಾರ ಬೆಳಗ್ಗೆ ಚಿಕ್ಕ ದೋಣಿ ತೆಗೆದುಕೊಂಡು ಸುತ್ತಾಡಲು ಹೋದರು. ಇಲ್ಲಿ ಕಪ್ಪು ಗಾಳಿ ಎಂದು ಒಂದು ಬೀಸುತ್ತದೆ, ಮುನ್ಸೂಚನೆ ಇರುವುದಿಲ್ಲ. ದೋಣಿ ಮಗುಚಿತು. ಎಷ್ಟು ಒಳ್ಳೆಯ ಈಜುಗಾರನಿಗಾದರೂ ಆ ಗಾಳಿಯಲ್ಲಿ ದಡ ಸಿಗುವುದಿಲ್ಲ.

ಇಲ್ಲಿಗೆ ನೀವು ಕೇಳಿದ್ದೆಲ್ಲ ಆಯಿತು. ಅತಿಥಿಗಳು ಬರುವ ಕಾಲ ಮುಗಿಯಿತು, ಕೋಣೆಗಳಿಗೆ ಬೀಗ ಹಾಕುತ್ತೇವೆ. ಇನ್ನು ಕಾಗದ ಬರೆಯಬೇಡಿ.

ರೋಸ್ತಮ್


ಬಗ್ದಾದ್, ೧೫ ಅಕ್ಟೋಬರ್ ೧೯೭೮

ನರ್ಮಿನ್,

ಅವನು ಏನೂ ಮಾಡದೆ ಕೂತಿದ್ದರೆ ಆರನೆಯ ಸಾಲಿಗೂ ಗುರುತು ಹಾಕುತ್ತಿದ್ದ. ಪಟ್ಟಿಯ ವಿಷಯದಲ್ಲಿ ಅವನು ಅಪ್ಪನ ಹಾಗೆ.

ಆ ಪಟ್ಟಿಯಲ್ಲಿ ಕಲ್ಲಂಗಡಿಯ ಸಾಲೂ, ಏನೂ ಮಾಡದಿರುವ ಸಾಲೂ ಬೇರೆ ಕೈಬರಹದಲ್ಲಿವೆ. ‘ರೋಸ್ತಮ’ನ ಮೊದಲ ಕಾಗದ ಒಡೆದಾಗಲೇ ಅದೇ ಅಕ್ಷರ ಎಂದು ಗೊತ್ತಾಯಿತು. ಮೂವತ್ತು ವರ್ಷ ಕಾಪಿ ಪುಸ್ತಕ ತಿದ್ದಿದ ಕಣ್ಣು ಇದು. ಗೊತ್ತಿದ್ದೂ ರೋಸ್ತಮ್ ಎಂದೇ ಬರೆದೆ. ನಿನ್ನ ಹೆಸರು ಬರೆದರೆ ನೀನು ನನಗೆ ಏನಾಗಬೇಕೆಂದೂ ಬರೆಯಬೇಕಾಗುತ್ತಿತ್ತು.

ಪಟ್ಟಿಯಲ್ಲಿ ಆರು ಸಾಲು ಎಂದಿದ್ದೆ. ಏಳಿವೆ. ಏಳನೆಯದು ಒಂದೇ ಪದ: ಅಮ್ಮ. ಅದಕ್ಕೂ ಗುರುತಿಲ್ಲ.

ನೀನು ಅವನಿಗಿಂತ ಮೂರು ವರ್ಷ ದೊಡ್ಡವಳು, ನಾಲ್ಕು ವರ್ಷ ಮಕ್ಕಳಾಗಲಿಲ್ಲವೆಂದು ಮೊದಲ ಗಂಡ ಬಿಟ್ಟವಳು. ಈ ಮಾತನ್ನು ಅವನ ಮುಖದ ಮೇಲೆ ಆಡಿದ್ದೆ. “ನನಗಿರೋದು ಒಬ್ಬ ಮಗ, ಬಂಜೆಯನ್ನು ತಂದು ಈ ಮನೆ ದೀಪ ಆರಿಸ್ತೀಯಾ?” ಎಂದಿದ್ದೆ. ದೀಪ ಹೇಗೂ ಆರಿತು.

ಅವನು ದೂಕಾನಿನಲ್ಲಿದ್ದದ್ದು ಗೊತ್ತಿರಲಿಲ್ಲ ಎಂದು ಬರೆದದ್ದು ಸುಳ್ಳು. ಮಂಗಳವಾರ ಹನ್ನೊಂದೂವರೆಗೆ ಫೋನ್ ಬಂತು.

“ಅಮ್ಮಾ, ನಾನು. ದೂಕಾನಿಂದ. ಮದ್ವೆ ಆದೆ ಅಮ್ಮಾ. ಶುಕ್ರವಾರ ಇಬ್ರೂ ಬರ್ತೀವಿ. ಬಾಗಿಲು ತೆಗೀತೀಯಾ?”

ನಾನು ಹೇಳಿದ್ದು: “ನಂಬರ್ ತಪ್ಪಾಗಿದೆ. ಈ ಮನೇಲಿ ಮಗ ಅಂತ ಯಾರೂ ಇಲ್ಲ.”

ಇಟ್ಟುಬಿಟ್ಟೆ. ಆಮೇಲೆ ಅವನು ಇನ್ನೊಮ್ಮೆ ಮಾಡಿಯಾನೆಂದು ಸಂಜೆಯವರೆಗೆ ಫೋನಿನ ಪಕ್ಕವೇ ಕುರ್ಚಿ ಹಾಕಿ ಕೂತಿದ್ದೆ. ಮಾಡಲಿಲ್ಲ. ಇವನಿಗೂ ನನ್ನ ಸಿಟ್ಟೇ ಬಂದಿದೆ ಎಂದುಕೊಂಡೆ.

ನಿಮ್ಮ ನಿಕಾಹ್ ಪತ್ರ ಅವನ ಚೀಲದಲ್ಲಿ ಬಂತು. ನನ್ನ ಬಳಿಯೇ ಇದೆ. ಸಾವು ಬರೆಸುವಾಗ ಗುಮಾಸ್ತ ಕೇಳಿದ, “ಮದ್ವೆ ಆಗಿತ್ತಾ?” ನಾನು “ಇಲ್ಲ” ಎಂದೆ.

ಅವನು ಮಂಗಳವಾರ ನಕ್ಕ ಎಂದು ನೀನು ಬರೆದಿದ್ದೀಯ. ನಿಜ ಹೇಳು.

ಸಬೀಹಾ


ದೂಕಾನ್, ೨ ನವೆಂಬರ್ ೧೯೭೮

ಸಬೀಹಾ ಅವರಿಗೆ,

ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅಂಚೆ ಕಚೇರಿಯ ಫೋನಿನ ಗೂಡು ಚಿಕ್ಕದು, ಇಬ್ಬರಿಗೆ ಸಾಲದು. ಕಿವಿಗೆ ಕಿವಿ ತಾಗಿಸಿ ನಿಂತಿದ್ದೆವು. ನೀವು ಹೇಳಿದ್ದು ನನಗೂ ಕೇಳಿಸಿತು.

ನೀವು ಏನೂ ಅರಿಯದವರಂತೆ ಅವನ ಊಟ, ನಗೆ ಕೇಳಿ ಬರೆದಾಗ ಆ ಕಾಗದವನ್ನು ಒಲೆಗೆ ಹಾಕಬೇಕೆಂದಿದ್ದೆ. ರೋಸ್ತಮ್ ಮಾಮನಿಗೆ ಅರಬ್ಬಿ ಓದಲು ಬಾರದು. ಓದಿ ಹೇಳಿದೆ. “ನೀನೇ ಬರಿ ಮಗಳೇ, ನನ್ನ ಹೆಸರಲ್ಲಿ ಬರಿ. ನೋಡಿದವಳು ನೀನು. ಆಯಮ್ಮನೂ ಹೆತ್ತ ತಾಯಿ” ಎಂದರು. ನಿಮಗಾಗಿ ಬರೆಯಲಿಲ್ಲ. ಬರೆಯುವಷ್ಟು ಹೊತ್ತು ಅವನು ಎದುರಿಗೆ ಕೂತಿರುತ್ತಿದ್ದ, ಅದಕ್ಕೆ ಬರೆದೆ.

ನಿಜ ಕೇಳಿದ್ದೀರಿ. ಮಂಗಳವಾರ ಅವನು ನಗಲಿಲ್ಲ. ನೀವು ಫೋನ್ ಇಟ್ಟ ಮೇಲೆ ಮತ್ತೆರಡು ಸಲ ಮಾಡಿಸಿದ. ಬಗ್ದಾದಿನ ಲೈನ್ ಹೋಗಿದೆ, ನಾಳೆ ಬನ್ನಿ ಎಂದ ಫೋನಿನವನು. ಬಂದು ಅಂಗಳದ ಮೆಟ್ಟಿಲ ಮೇಲೆ ಕೂತವನು ಕತ್ತಲಾಗುವವರೆಗೆ ಏಳಲಿಲ್ಲ. ಊಟ ಬೇಡವೆಂದ. ನಾನು, “ನಾನು ಅಪ್ಪನ ಮನೆಗೆ ಹೋಗ್ತೀನಿ, ನೀನು ಹೋಗಿ ಅಮ್ಮನ್ನ ಸಮಾಧಾನ ಮಾಡು” ಎಂದೆ. “ಹುಚ್ಚೀ, ಇವತ್ತು ಮೊದಲನೇ ದಿನ ಕಣೇ. ಇನ್ನೆರಡು ದಿನ ಸಿಟ್ಟು ಬಾಕಿ ಇದೆ” ಎಂದ.

ಬುಧವಾರ ಬೆಳಗ್ಗೆ, “ಅಮ್ಮಂಗೆ ಇನ್ನೊಂದ್ಸಲ ಫೋನ್ ಮಾಡ್ತೀನಿ, ಬೆಳಗ್ಗೆ ಅವಳು ಸ್ವಲ್ಪ ಮೆತ್ತಗಿರ್ತಾಳೆ” ಎಂದು ಎದ್ದ. ಅಂಚೆ ಕಚೇರಿಯಿರುವ ಊರಿಗೆ ಹೋಗುವ ಲಾರಿ ಇದ್ದದ್ದು ಮಧ್ಯಾಹ್ನಕ್ಕೆ. ನೀರಿನ ದಾರಿ ಹತ್ತಿರ. ಮಾಮ ದೊಡ್ಡ ದೋಣಿಯಲ್ಲಿ ಜನರನ್ನು ಕರೆದುಕೊಂಡು ನಡುಗಡ್ಡೆಗೆ ಹೋಗಿದ್ದರು. ಅವನು ಚಿಕ್ಕ ದೋಣಿ ಬಿಚ್ಚಿದ. ನಾನೂ ಬರುತ್ತೇನೆಂದೆ.

“ಬೇಡ. ನಿನ್ನ ಮುಂದೆ ಬೈಸಿಕೊಳ್ಳೋಕೆ ನಾಚಿಕೆ ಆಗುತ್ತೆ. ಒಬ್ನೇ ಬೈಸಿಕೊಂಡು ಬರ್ತೀನಿ.”

ಅವನು ಸುತ್ತಾಡಲು ಹೋಗಲಿಲ್ಲ. ನಿಮಗೆ ಫೋನ್ ಮಾಡಲು ಹೋದ. ಗಾಳಿ ಎದ್ದದ್ದನ್ನೂ ದೋಣಿ ಮಗುಚಿದ್ದನ್ನೂ ದಡದಲ್ಲಿ ನಿಂತು ನೋಡಿದವಳು ನಾನು. ಹಲಗೆ ತಲೆಗೆ ಬಡಿದಿತ್ತು. ಈಜಲು ಅವನಿಗೆ ಪ್ರಜ್ಞೆಯೇ ಇರಲಿಲ್ಲ.

ಇದನ್ನು ಮುಚ್ಚಿಟ್ಟದ್ದು ನಿಮ್ಮ ಮೇಲಿನ ಕರುಣೆಯಿಂದಲ್ಲ. ಹೇಳಿದ್ದರೆ ಅವನು ನನ್ನ ಮೇಲೆ ಬೇಸರ ಮಾಡಿಕೊಳ್ಳುತ್ತಿದ್ದ.

ನಿಮ್ಮ ಮೈದುನ ಬಂದಾಗ ಮಾಮ ನನ್ನನ್ನು ತೋರಿಸಿ, “ಈಕೆ ಅವರ ಹೆಂಡತಿ” ಎಂದರು. “ಈಗ ಆ ಮಾತು ಬೇಡ” ಎಂದು ನಿಮ್ಮ ಮೈದುನ ವ್ಯಾನಿನ ಬಾಗಿಲು ಹಾಕಿಕೊಂಡರು. ನಾನು ಕಿರ್ಕುಕ್‌ಗೆ, ಅಪ್ಪನ ಮನೆಗೆ ಹೋದೆ. ಅಣ್ಣಂದಿರು ಬಾಗಿಲಲ್ಲೇ ನಿಲ್ಲಿಸಿ, “ಮದ್ವೆ ಆದೆ ಅಂತೀಯಲ್ಲ, ಕಾಗದ ಎಲ್ಲಿ?” ಎಂದರು. ತಿರುಗಿ ಮಾಮನಲ್ಲಿಗೇ ಬಂದೆ. ಕೋರ್ಟಿನಲ್ಲಿ ಬರೆಸುವುದನ್ನು ಹಿಂದಿರುಗಿದ ಮೇಲೆ ಮಾಡೋಣವೆಂದುಕೊಂಡಿದ್ದೆವು. ಮುಲ್ಲಾ ಬರೆದುಕೊಟ್ಟದ್ದು ಅದೊಂದೇ ಹಾಳೆ. ಅದು ನೀರುಪಾಲಾಯಿತೆಂದುಕೊಂಡಿದ್ದೆ. ನಿಮ್ಮ ಪೆಟ್ಟಿಗೆಯಲ್ಲಿದೆ ಎಂದು ಈಗ ತಿಳಿಯಿತು.

ನೀವು ಕೇಳಿದ ಆರು ದಿನವನ್ನೂ ಕೊಟ್ಟಿದ್ದೇನೆ. ನನ್ನ ಬಳಿ ಇನ್ನೇನೂ ಉಳಿದಿಲ್ಲ. ಬರೆಯಬೇಡಿ.

ನರ್ಮಿನ್


ಕಿರ್ಕುಕ್, ೮ ಡಿಸೆಂಬರ್ ೧೯೭೮

ನರ್ಮಿನ್,

ಬರೆಯಬೇಡಿ ಎಂದಿದ್ದೀಯ. ಆದರೂ ಇದನ್ನು ಓದು.

ನಿನ್ನ ಕಾಗದ ಬಂದ ಮೇಲೆ ಕೆಲವು ದಿನ ಹಾಸಿಗೆಯಿಂದ ಏಳಲಿಲ್ಲ. ಆಮೇಲೆ ಎದ್ದೆ. ನಿಕಾಹ್ ಓದಿದ ಮುಲ್ಲಾನನ್ನೂ ಸಾಕ್ಷಿ ಹಾಕಿದ ಇಬ್ಬರನ್ನೂ ಬಗ್ದಾದಿಗೆ ಕರೆಸಿ ನ್ಯಾಯಾಧೀಶರ ಮುಂದೆ ನಿಲ್ಲಿಸಿದೆ. ಮದುವೆ ದಾಖಲಾಯಿತು. ಅಲ್ಲಿಂದ ಸಾವು ಬರೆಸಿದ ಕಚೇರಿಗೆ ಹೋದೆ. ಅದೇ ಗುಮಾಸ್ತ.

“ಖಾಲಾ, ನೀವೇ ಅಲ್ವಾ ಮದ್ವೆ ಇಲ್ಲ ಅಂದಿದ್ದು? ಆರು ತಿಂಗಳಾದ ಮೇಲೆ ಸೊಸೆ ಎಲ್ಲಿಂದ ಬಂದ್ಳು?”

“ಅವಳು ಇದ್ದಳಪ್ಪಾ. ನಾನೇ ಇಲ್ಲ ಅಂದಿದ್ದೆ.”

“ಸುಳ್ಳು ಬರೆಸಿದ್ದು ತಪ್ಪಲ್ವಾ?”

“ತಪ್ಪೇ. ಎಲ್ಲಿ ಸಹಿ ಹಾಕ್ಬೇಕು ಹೇಳು.”

ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಒಬ್ಬಳು ನನ್ನ ಶಿಷ್ಯೆ. ಈಗ ಆ ಪುಸ್ತಕದಲ್ಲಿ ಹೆಂಡತಿ ಎಂಬಲ್ಲಿ ನಿನ್ನ ಹೆಸರಿದೆ.

ಇವತ್ತು ನಿನ್ನ ಅಪ್ಪನ ಮನೆಗೆ ಬಂದಿದ್ದೆ. ಅವರು ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಕಾಗದವನ್ನು ಯಂತ್ರದ ಮೇಲಿಟ್ಟೆ. “ನಾನು ಮುಹನ್ನದನ ತಾಯಿ. ನಿಮ್ಮ ಮಗಳು ನನ್ನ ಸೊಸೆ. ಅವಳನ್ನ ಬೀದೀಲಿ ನಿಲ್ಲಿಸಿದ್ದು ನಿಮ್ಮ ಮಕ್ಕಳಲ್ಲ, ನಾನು” ಎಂದೆ. ನಿನ್ನ ದೊಡ್ಡಣ್ಣ ತಲೆ ತಗ್ಗಿಸಿ ಹೊರಗೆ ಹೋದ. ಅಪ್ಪ ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಕೇಳಿದ್ದು ಒಂದೇ ಮಾತು: “ಅಲ್ಲಿ ಛಳಿ ಜಾಸ್ತಿ. ಅವಳಿಗೆ ದಪ್ಪ ಕೋಟಿದೆಯಾ?” ನನಗೆ ಗೊತ್ತಿರಲಿಲ್ಲ. ಅವರು ಕಣ್ಣಳತೆಯ ನೆನಪಿನಲ್ಲೇ ಬಟ್ಟೆ ಕತ್ತರಿಸಲು ಕೂತರು.

ನಿಕಾಹ್ ಪತ್ರ, ಕೋರ್ಟಿನ ಕಾಗದ ಎರಡೂ ಇದರೊಂದಿಗಿವೆ. ದೂಕಾನಿನ ಬಸ್ಸು ಇಲ್ಲಿಂದಲೇ ಹೊರಡುತ್ತದೆ. ನಿಲ್ದಾಣದಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ನೀನು ಕರೆಯದೆ ನಾನು ಹತ್ತುವುದಿಲ್ಲ.

ಅವನ ಗೋರಿ ಎಲ್ಲಿದೆ ಎಂದು ನಿನಗೆ ಯಾರೂ ಹೇಳಿರಲಾರರು. ನಮ್ಮ ಬಡಾವಣೆಯ ಹಿಂದಿನ ದೊಡ್ಡ ಖಬರಸ್ತಾನ. ಬೇವಿನ ಮರದ ಪಕ್ಕದ ಬಾಗಿಲಿನಿಂದ ಒಳಗೆ ಬಂದರೆ ಎಡಕ್ಕೆ ಏಳನೆಯ ಸಾಲು, ಗೋಡೆಯ ಹತ್ತಿರ.

ಸಬೀಹಾ


ಸುಲೈಮಾನಿಯಾ, ೧೬ ಜನವರಿ ೧೯೭೯

ಸಬೀಹಾ ಅವರಿಗೆ,

ಕಾಗದಗಳು ಬಂದವು. ಕೋಟೂ ಬಂತು. ತೋಳು ಸ್ವಲ್ಪ ಉದ್ದ. ಅಪ್ಪನ ನೆನಪಿನಲ್ಲಿ ನಾನು ಇನ್ನೂ ದಪ್ಪಗಿರಬೇಕು.

ನಾನು ಅಪ್ಪನ ಮನೆಗೆ ಹೋಗಲಿಲ್ಲ. ಮೊದಲು ಮಾಡುತ್ತಿದ್ದ ದಾದಿಯ ಕೆಲಸವೇ ಇಲ್ಲಿನ ಆಸ್ಪತ್ರೆಯಲ್ಲಿ ಸಿಕ್ಕಿದೆ. ಹೊರಡುವಾಗ ರೋಸ್ತಮ್ ಮಾಮ ಗೋಡೆಯ ಮೇಲಿದ್ದ ನಕ್ಷೆಯನ್ನು ತೆಗೆದು ಕೊಡಲು ಬಂದರು. ಬೇಡವೆಂದೆ. ಅದು ಅವರ ಊರು.

ಈ ತಿಂಗಳ ಮೊದಲ ಶುಕ್ರವಾರ ಬಗ್ದಾದಿಗೆ ಬಂದಿದ್ದೆ. ಬೇವಿನ ಮರದ ಬಾಗಿಲು, ಎಡಕ್ಕೆ ಏಳನೆಯ ಸಾಲು. ನೀವು ಅಲ್ಲಿದ್ದಿರಿ. ನಾನು ನಿಮ್ಮನ್ನು ಅದಕ್ಕೆ ಮೊದಲು ನೋಡಿರಲಿಲ್ಲ, ಆದರೂ ಗೊತ್ತಾಯಿತು. ಗೋರಿಯ ಪಕ್ಕ ಕೂತು ಕೈ ಆಡಿಸುತ್ತ ಅವನಿಗೆ ಏನನ್ನೋ ಬೈಯುತ್ತಿದ್ದಿರಿ. ಬೈದು ಬೈದು ಕೊನೆಗೆ ಕಲ್ಲಿನ ಮೇಲಿನ ಧೂಳನ್ನು ಮುಸುಕಿನ ಅಂಚಿನಿಂದ ಒರೆಸಿದಿರಿ.

ಹತ್ತು ಹೆಜ್ಜೆ ಇತ್ತು ಅಷ್ಟೆ. ಕರೆಯಬಹುದಿತ್ತು. ಅತ್ತೆ ಎನ್ನಬೇಕೋ, ಎಲ್ಲ ಹಿರಿಯ ಹೆಂಗಸರಿಗೂ ಅನ್ನುವಂತೆ ಖಾಲಾ ಎನ್ನಬೇಕೋ ತೋಚದೆ ಗೋಡೆಯ ಮರೆಯಲ್ಲಿ ನಿಂತೆ. ನೀವು ಎದ್ದು ಹೋಗಲು ಒಂದು ಗಂಟೆಯಾಯಿತು. ಆಮೇಲೆ ನನಗೆ ಉಳಿದದ್ದು ಕಾಲು ಗಂಟೆ. ಬಸ್ಸಿನ ಹೊತ್ತಾಗಿತ್ತು.

ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಈ ವರ್ಷ ನಿಮಗೆ ಬೇಕಾದಷ್ಟು ಸುಳ್ಳು ಬರೆದಾಗಿದೆ. ತಿಂಗಳಿಗೊಂದು ಶುಕ್ರವಾರ ರಜೆ ಸಿಗುತ್ತದೆ, ತಿಂಗಳ ಮೊದಲನೆಯದು. ಇನ್ನು ಮೇಲೆ ಅವತ್ತು ಬರುತ್ತೇನೆ. ನಿಮಗೆ ತಿಳಿದಿರಲಿ ಎಂದು ಬರೆದೆ.

ನರ್ಮಿನ್


ಬಗ್ದಾದ್, ೨೪ ಜನವರಿ ೧೯೭೯

ನರ್ಮಿನ್,

ತಿಂಗಳ ಮೊದಲ ಶುಕ್ರವಾರ ಬೆಳಗ್ಗೆ ನಾನು ಅಲ್ಲಿಗೆ ಹೋಗುವುದಿಲ್ಲ. ಬೆಳಗು ನಿನ್ನದು. ನಿನ್ನ ಬಸ್ಸು ಹೊರಟ ಮೇಲೆ, ಸಂಜೆ ಹೋಗುತ್ತೇನೆ. ಯಾರಾದರೂ ಬರುತ್ತಾರೆಂದು ಅಂಜದೆ ಕೂತುಕೋ.

ಅಲ್ಲಿ ನೀರು ಸಿಗುವುದಿಲ್ಲ. ಗುರುವಾರವೇ ಒಂದು ಮಣ್ಣಿನ ಹೂಜಿಯಲ್ಲಿ ತುಂಬಿಸಿ ಕಲ್ಲಿನ ಹಿಂದೆ ಇಟ್ಟಿರುತ್ತೇನೆ. ಹೊರಡುವ ಮೊದಲು ಮುಖ ತೊಳೆದುಕೋ. ಅತ್ತ ಮುಖದಲ್ಲಿ ಅಷ್ಟು ದೂರ, ಅಷ್ಟು ಜನರ ನಡುವೆ ಕೂತು ಹೋಗಬೇಡ.

ಸಬೀಹಾ